ಲ್ಯಾಬ್ ಬಿಟ್ಟ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ? ಕೆಮಿಸ್ಟ್ ಒಬ್ಬರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಅಡ್ಮಿನ್ ಕೇಳಿದ್ದಕ್ಕೆ ಇವತ್ತಿನ ಪ್ರಶ್ನೋತ್ತರ ನನ್ನದು. ನಾನು ಕೆಮಿಸ್ಟ್. ಪಿಎಚ್‌ಡಿ, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮುಗಿಸಿ ಔಷಧ ಕಂಪನಿಯ ಕ್ವಾಲಿಟಿ ಲ್ಯಾಬ್ ಸೇರಿದೆ, ಅಲ್ಲಿ ಹಲವು ವರ್ಷ ಇದ್ದೆ. ಈಗ ರೆಗ್ಯುಲೇಟರಿ ವಿಭಾಗದಲ್ಲಿದ್ದೇನೆ, ಅಂದರೆ ಔಷಧಕ್ಕೆ ಅನುಮತಿ ಕೇಳುವ ಕಡತ ತಯಾರಿಸುವ ಕೆಲಸ. ಹೊಸಬರ ಇಂಟರ್‌ವ್ಯೂನೂ ಮಾಡುತ್ತೇನೆ. ವಿಜ್ಞಾನ ಓದಿದವರಿಗೆ ಬೇರೆ ಬೇರೆ ಕೆಲಸಗಳಲ್ಲಿ ಯಾವ ಕೌಶಲ ಬಳಕೆಗೆ ಬರುತ್ತದೆ, ಅದರ ಬಗ್ಗೆ ಕೇಳಿ. ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ, ಒಂದೊಂದು ಕಡೆ ಒಂದೊಂದು ಥರ.

ಪ್ರಶ್ನೆ (ಪಿಎಚ್‌ಡಿ ಕೊನೆಯ ವರ್ಷ, ಜೀವವಿಜ್ಞಾನ): ಮೇಡಂ, ಇಷ್ಟು ವರ್ಷ ಒಂದೇ ಪ್ರೋಟೀನ್ ಹಿಂದೆ ಬಿದ್ದಿದ್ದೇನೆ. ಅದನ್ನು ಶುದ್ಧ ಮಾಡೋದು, ಹರಳು ಕಟ್ಟಿಸೋದು, ಇಷ್ಟೇ ಗೊತ್ತು. ಅದರ ಹೆಸರು ಕೇಳಿದವರೇ ಬೆರಳೆಣಿಕೆ ಜನ. ಲ್ಯಾಬ್ ಹೊರಗೆ ಇದು ಯಾರಿಗೆ ಬೇಕು?

ಉತ್ತರ: ಪ್ರೋಟೀನ್ ಯಾರಿಗೂ ಬೇಡ, ಅದು ನಿಜ. ಆದರೆ ಅದರ ಹಿಂದೆ ಬಿದ್ದು ನೀವು ದಿನಾ ಮಾಡಿದ ಒಂದು ಕೆಲಸ ಎಲ್ಲರಿಗೂ ಬೇಕು. "ಇದು ಹೀಗೆ ಬಂದಿದ್ದಕ್ಕೆ ಬೇರೆ ಕಾರಣ ಇರಬಹುದಾ?" ಅಂತ ಕೇಳೋದು, ಆಮೇಲೆ ಆ ಬೇರೆ ಕಾರಣ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಿಯೇ ತೀರ್ಮಾನಿಸೋದು. ನೀವು ಅದನ್ನು "ಕಂಟ್ರೋಲ್ ಇಟ್ಟೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೀರಿ. ಲ್ಯಾಬ್ ಹೊರಗೆ ಅದನ್ನು ಮಾಡುವವರು ತುಂಬಾ ಕಡಿಮೆ.

ಕ್ವಾಲಿಟಿ ಲ್ಯಾಬ್‌ನಲ್ಲಿ ಪದೇ ಪದೇ ಬರುವ ಒಂದು ಸಂದರ್ಭ ಹೇಳುತ್ತೇನೆ. ಮಾತ್ರೆಯ ಬ್ಯಾಚ್‌ನಿಂದ ಸ್ಯಾಂಪಲ್ ತಂದು ಎಚ್‌ಪಿಎಲ್‌ಸಿ ಯಂತ್ರಕ್ಕೆ, ಅಂದರೆ ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಯಂತ್ರಕ್ಕೆ, ಹಾಕುತ್ತಾರೆ. ಪರದೆ ಮೇಲೆ ಔಷಧದ ಒಂದು ದೊಡ್ಡ ಪೀಕ್ (ಗೆರೆಯಲ್ಲಿ ಏಳುವ ಶಿಖರ) ಬರಬೇಕು, ಜೊತೆಗೆ ಗೊತ್ತಿರುವ ಕಲ್ಮಶಗಳ ಸಣ್ಣ ಪೀಕ್‌ಗಳು. ಒಂದು ದಿನ ದೊಡ್ಡ ಪೀಕ್‌ಗಿಂತ ಸ್ವಲ್ಪ ಮುಂಚೆ, ಯಾವತ್ತೂ ಇಲ್ಲದ ಪುಟ್ಟ ಪೀಕ್ ಒಂದು ಏಳುತ್ತದೆ. ಅಳೆದರೆ ಮಿತಿ ದಾಟಿದೆ. ಹೊಸಬರು ತಕ್ಷಣ ಹೇಳೋದು "ಇನ್ನೊಂದು ಸಲ ಇಂಜೆಕ್ಟ್ ಮಾಡೋಣ" ಅಂತ. ಸರಿ ಬರುವ ತನಕ ಪರೀಕ್ಷೆ ಮಾಡುತ್ತಾ ಹೋಗೋದನ್ನು ಔಷಧ ನಿಯಮಗಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಮೊದಲು ಬ್ಲ್ಯಾಂಕ್ ನೋಡಬೇಕು, ಅಂದರೆ ಔಷಧವೇ ಇಲ್ಲದ ಬರೀ ದ್ರಾವಕ. ಅದರಲ್ಲೂ ಅದೇ ಜಾಗದಲ್ಲಿ ಪೀಕ್ ಎದ್ದರೆ ಅದು ಮಾತ್ರೆಯಿಂದ ಬಂದದ್ದು ಅಂತ ಹೇಳೋಕಾಗಲ್ಲ. ಬ್ಲ್ಯಾಂಕ್ ಶುದ್ಧವಾಗಿದೆಯಾ? ಹಾಗಾದರೆ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಹೋಲಿಸಲು ಇಟ್ಟ ಶುದ್ಧ ಔಷಧದಲ್ಲಿ, ಇದೆಯಾ? ಹಿಂದಿನ ಇಂಜೆಕ್ಷನ್‌ನದು ಉಳಿದುಕೊಂಡು ಈಗ ಹೊರಬಂತಾ? ಗಾಜಿನ ಸಾಮಾನು ತೊಳೆದ ಸೋಪು ಉಳಿದಿತ್ತಾ? ಬೆಳಕಿಗೆ ಕೆಡುವ ಔಷಧವಾದರೆ ಸ್ಯಾಂಪಲ್ ಎಷ್ಟು ಹೊತ್ತು ಮೇಜಿನ ಮೇಲಿತ್ತು? ಒಂದೊಂದಕ್ಕೂ ಉತ್ತರ ಹುಡುಕಬೇಕು, ಹುಡುಕಿದ್ದನ್ನು ಆಗಿಂದಾಗಲೇ ಬರೆದಿಡಬೇಕು, ಯಾರು ಯಾವಾಗ ಮಾಡಿದರು ಅನ್ನೋದು ಸಮೇತ. ಲ್ಯಾಬ್‌ನ ತಪ್ಪು ಅನ್ನೋದಕ್ಕೆ ಸಾಕ್ಷಿ ಸಿಗಲಿಲ್ಲ ಅಂದರೆ ಬ್ಯಾಚ್‌ನಲ್ಲೇ ಏನೋ ಆಗಿದೆ ಅಂತಲೇ ಹಿಡಿದು ತಯಾರಿಕೆ ಕಡೆಗೆ ಹೋಗಬೇಕು.

ಇದು ಕೆಮಿಸ್ಟ್ರಿ ಅಲ್ಲ, ಯೋಚನೆ ಮಾಡುವ ರೀತಿ. ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕುವವರು, ವಿಮೆ ಕಂಪನಿಯಲ್ಲಿ ಕ್ಲೇಮ್ ತನಿಖೆ ಮಾಡುವವರು, ಸಾಂಕ್ರಾಮಿಕ ರೋಗದ ಮೂಲ ಹುಡುಕುವವರು, ಎಲ್ಲರೂ ಮಾಡೋದು ಇದನ್ನೇ.

ಕಾಮೆಂಟ್ (ಖಗೋಳ ಓದಿದವರು): ಇದಕ್ಕೆ ಪಾರ್ಕ್ಸ್ ಕಥೆ ಸೇರಿಸಲೇಬೇಕು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕಕ್ಕೆ 1998ರಿಂದ ಆಗಾಗ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. ಬಾಹ್ಯಾಕಾಶದಿಂದ ಕ್ಷಣಮಾತ್ರ ಬರುವ ರೇಡಿಯೋ ಸ್ಫೋಟಗಳನ್ನೇ ಹೋಲುತ್ತಿದ್ದವು. ಆದರೆ ಬರ್ತಾ ಇದ್ದದ್ದು ಆಫೀಸಿನ ಸಮಯದಲ್ಲಿ, ಅದೂ ಹೆಚ್ಚಾಗಿ ವಾರದ ಕೆಲಸದ ದಿನಗಳಲ್ಲಿ! 2015ರಲ್ಲಿ ಮೂಲ ಸಿಕ್ಕಿತು: ಅಲ್ಲೇ ಇದ್ದ ಮೈಕ್ರೋವೇವ್ ಓವನ್. ಅದು ನಿಲ್ಲುವ ಮುಂಚೆ ಯಾರಾದರೂ ಬಾಗಿಲು ತೆರೆದಾಗ ಆ ಸಂಕೇತ ಹೊರಡುತ್ತಿತ್ತು.

ಉತ್ತರ: ಒಳ್ಳೇ ಉದಾಹರಣೆ. ನಕ್ಕು ಬಿಡುವ ಹಾಗಿಲ್ಲ. ಮೈಕ್ರೋವೇವ್ ಅಂತ ಊಹೆ ಮಾಡಿ ನಿಲ್ಲಿಸಲಿಲ್ಲ ಅವರು, ಬಾಗಿಲು ತೆರೆದು ತೆರೆದು ಅದೇ ಸಂಕೇತ ಬರುವ ಹಾಗೆ ಮಾಡಿ ತೋರಿಸಿದರು. ನಾನು ಹೇಳ್ತಿರೋದು ಆ ಎರಡನೇ ಭಾಗ.

ಪ್ರಶ್ನೆ (ಎಂಎಸ್ಸಿ ಮುಗಿಸಿದವರು): ಮೇಡಂ, ಎಲ್ಲಾ ಜಾಹೀರಾತಲ್ಲೂ "ಉತ್ತಮ ಸಂವಹನ ಕೌಶಲ" ಅಂತ ಇರುತ್ತೆ. ಇದರ ಅರ್ಥ ಏನು? ಚೆನ್ನಾಗಿ ಮಾತಾಡಬೇಕು ಅಂತನಾ? ನಾನು ಸ್ವಲ್ಪ ಮಾತು ಕಡಿಮೆ.

ಉತ್ತರ: ಮಾತು ಕಡಿಮೆ ಇದ್ದರೆ ಏನೂ ತೊಂದರೆ ಇಲ್ಲ. ಬರವಣಿಗೆ ನೋಡಿ. ಅದರಲ್ಲೂ ಬರೆಯುವ ಕ್ರಮ.

ಪ್ರಬಂಧದಲ್ಲಿ ಮೊದಲು ಹಿನ್ನೆಲೆ, ಆಮೇಲೆ ವಿಧಾನ, ಆಮೇಲೆ ಫಲಿತಾಂಶ, ಕೊನೆಗೆ ತೀರ್ಮಾನ ಬರೆದು ಅಭ್ಯಾಸ. ಕೆಲಸದ ಜಾಗದಲ್ಲಿ ಅದನ್ನು ತಲೆಕೆಳಗು ಮಾಡಬೇಕು. ಮೊದಲ ಸಾಲಿನಲ್ಲೇ ಏನು ಮಾಡಬೇಕು ಅಂತ ಇರಬೇಕು. "ಈ ಬ್ಯಾಚ್ ಈಗ ಬಿಡುಗಡೆ ಮಾಡಬೇಡಿ. ಗುರುತು ಸಿಗದ ಕಲ್ಮಶ ಮಿತಿಗಿಂತ ಜಾಸ್ತಿ ಇದೆ. ಮೂಲ ಗೊತ್ತಾಗಲು ಇನ್ನೂ ಎರಡು ಪರೀಕ್ಷೆ ಬೇಕು, ಶುಕ್ರವಾರ ಹೇಳುತ್ತೇನೆ." ಇಷ್ಟು ಸಾಕು. ಯಾವ ಕಾಲಮ್, ಯಾವ ತಾಪಮಾನ, ಅದೆಲ್ಲ ಕೆಳಗೆ ಇರಲಿ, ಬೇಕಾದವರು ಓದುತ್ತಾರೆ.

ಇನ್ನೊಂದು ವಿಷಯ. ಎಷ್ಟು ಖಾತ್ರಿ ಇದೆ ಅಂತ ಹೇಳೋದು ವಿಜ್ಞಾನ ಓದಿದವರಿಗೆ ಮಾತ್ರ ಸರಿಯಾಗಿ ಬರುವ ಕಲೆ, ಆದರೆ ಅದನ್ನೇ ನಾವು ಕೆಡಿಸುತ್ತೇವೆ. "ಇರಬಹುದು, ಆದರೂ ಹೇಳಲಾಗದು, ಹೆಚ್ಚಿನ ಅಧ್ಯಯನ ಬೇಕು" ಅಂತ ಬರೆದರೆ ಓದಿದವರಿಗೆ ಏನೂ ದಕ್ಕುವುದಿಲ್ಲ. "ಇದು ಗೊತ್ತು, ಇದು ಗೊತ್ತಿಲ್ಲ, ಗೊತ್ತಾಗಬೇಕಾದರೆ ಇದನ್ನು ಮಾಡಬೇಕು" ಅಂತ ಮೂರು ಭಾಗ ಮಾಡಿ ಹೇಳಿ. ಅನುಮಾನ ಅಷ್ಟೇ ಇದೆ, ಆದರೆ ಈಗ ಅದರಿಂದ ಉಪಯೋಗ ಇದೆ.

ಪ್ರಶ್ನೆ (ಪೋಸ್ಟ್‌ಡಾಕ್): ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಈಗಿನ ಕೆಲಸ ಕಡತ ಓದೋದು, ಬರೆಯೋದು. ಲ್ಯಾಬ್ ಬೆಂಚ್ ಬಿಟ್ಟ ಮೇಲೆ ಅದನ್ನು ವಿಜ್ಞಾನ ಅನ್ನಬಹುದಾ?

ಉತ್ತರ: ಬೇಜಾರಿಲ್ಲ, ನನಗೂ ಈ ಪ್ರಶ್ನೆ ಇತ್ತು. ಫ್ರಾನ್ಸಿಸ್ ಕೆಲ್ಸಿ ಅವರ ಬಗ್ಗೆ ಓದಿದ ಮೇಲೆ ಹೋಯಿತು.

ಕೆಲ್ಸಿ ಫಾರ್ಮಕಾಲಜಿಯಲ್ಲಿ (ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಶಾಸ್ತ್ರ) ಪಿಎಚ್‌ಡಿ ಮಾಡಿದ್ದರು, ವೈದ್ಯ ಪದವಿಯೂ ಇತ್ತು. 1960ರಲ್ಲಿ ಅಮೆರಿಕದ ಎಫ್‌ಡಿಎ ಸೇರಿದರು, ಅಂದರೆ ಔಷಧಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ. ಅವರ ಮೇಜಿಗೆ ಬಂದ ಮೊದಮೊದಲ ಅರ್ಜಿಗಳಲ್ಲಿ ಥಾಲಿಡೊಮೈಡ್ ಅನ್ನುವ ನಿದ್ದೆ ಔಷಧದ್ದು ಒಂದು. ಆ ಔಷಧ ಆಗಲೇ ಯೂರೋಪಿನಲ್ಲಿ ಮಾರಾಟ ಆಗುತ್ತಿತ್ತು, ಅದಕ್ಕೆ ಇದು ಸುಲಭದ ಅರ್ಜಿ ಅಂತಲೇ ಎಲ್ಲರ ಎಣಿಕೆ. ಕೆಲ್ಸಿ ಸಹಿ ಹಾಕಲಿಲ್ಲ. ಸುರಕ್ಷಿತ ಅನ್ನೋದಕ್ಕೆ ಕೊಟ್ಟ ಸಾಕ್ಷಿ ಸಾಲದು, ಇನ್ನೂ ಮಾಹಿತಿ ಕೊಡಿ ಅಂದರು. ಕಂಪನಿ ಒತ್ತಡ ಹಾಕಿತು, ಇವರು ಮತ್ತೆ ಮಾಹಿತಿ ಕೇಳಿದರು. ಅಷ್ಟರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಚಿಕ್ಕ ಪತ್ರ ಕಣ್ಣಿಗೆ ಬಿತ್ತು. ಈ ಔಷಧ ತೆಗೆದುಕೊಂಡವರ ಕೈಕಾಲಿನ ನರಗಳಿಗೆ ತೊಂದರೆ ಆಗುತ್ತಿದೆ ಅಂತ ಅದರಲ್ಲಿತ್ತು. ನರಕ್ಕೆ ಹೀಗೆ ಮಾಡುವ ಔಷಧ ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡುತ್ತದೆ ಅಂತ ಕೇಳಿದರು. 1961ರ ಕೊನೆಗೆ ಜರ್ಮನಿಯಲ್ಲಿ ಔಷಧವನ್ನು ವಾಪಸ್ ತೆಗೆದುಕೊಂಡರು. ಅಷ್ಟು ಹೊತ್ತಿಗೆ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. 1962ರಲ್ಲಿ ಅಮೆರಿಕದ ಅರ್ಜಿಯನ್ನೂ ಕಂಪನಿ ಹಿಂದಕ್ಕೆ ಪಡೆಯಿತು.

ಈ ಇಡೀ ಪ್ರಕರಣದಲ್ಲಿ ಕೆಲ್ಸಿ ಪಿಪೆಟ್ ಮುಟ್ಟಲಿಲ್ಲ. ಓದಿದರು, ಇರುವ ಸಾಕ್ಷಿಯಲ್ಲಿ ಏನು ಇಲ್ಲ ಅಂತ ನೋಡಿದರು, ಪತ್ರ ಬರೆದರು. ಆದರೆ ಇಲ್ಲದ್ದು ಕಣ್ಣಿಗೆ ಬೀಳಬೇಕಾದರೆ ಮೊದಲು ಲ್ಯಾಬ್‌ನಲ್ಲಿ ಕೂತು ಪ್ರಯೋಗ ಮಾಡಿರಬೇಕು ಅಂತ ನನಗೆ ಅನ್ನಿಸುತ್ತದೆ. ಪೇಟೆಂಟ್ ಪರಿಶೀಲನೆ, ವಿಜ್ಞಾನ ಪತ್ರಿಕೋದ್ಯಮ, ಸಂಶೋಧನೆಗೆ ಹಣ ಹಂಚುವ ಸಂಸ್ಥೆಗಳ ಕೆಲಸ, ಇವೆಲ್ಲ ಇದೇ ಜಾತಿಯವು.

ಪ್ರಶ್ನೆ (ಬಿಎಸ್ಸಿ ಎರಡನೇ ವರ್ಷ): ಮೇಡಂ ಕೋಡಿಂಗ್ ಕಲಿಯಲೇಬೇಕಾ? ಎಲ್ಲರೂ ಪೈಥಾನ್, ಮಷೀನ್ ಲರ್ನಿಂಗ್ ಅಂತಾರೆ.

ಉತ್ತರ: ಕಲಿಯಿರಿ, ಆದರೆ ಮೊದಲು ಸಂಖ್ಯಾಶಾಸ್ತ್ರ. ಕೋಡ್ ಬರೆಯಲು ಈಗ ಸಹಾಯ ಸುಲಭವಾಗಿ ಸಿಗುತ್ತೆ. ಆ ಕೋಡ್ ಕೊಟ್ಟ ಉತ್ತರವನ್ನು ನಂಬಬಹುದಾ ಅಂತ ಹೇಳಲು ನಿಮಗೇ ಗೊತ್ತಿರಬೇಕು.

ಸಂಖ್ಯಾಶಾಸ್ತ್ರ ಅಂದರೆ ಪುಸ್ತಕದ ವಿಷಯ ಅಂದುಕೊಳ್ಳಬೇಡಿ. ನೀವು ಲ್ಯಾಬ್‌ನಲ್ಲಿ ಬಳಸುವ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ನಿಜವಾಗಿ ಬೇರೆಯಾ ಅಂತ ನೋಡುವ ಲೆಕ್ಕ) ಹುಟ್ಟಿದ್ದು ಬಿಯರ್ ಕಾರ್ಖಾನೆಯಲ್ಲಿ. ವಿಲಿಯಂ ಗಾಸೆಟ್ ಅನ್ನುವವರು ಆಕ್ಸ್‌ಫರ್ಡ್‌ನಲ್ಲಿ ಗಣಿತ, ಕೆಮಿಸ್ಟ್ರಿ ಓದಿ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಸೇರಿದರು. ಬಾರ್ಲಿ ಗುಣಮಟ್ಟ ನೋಡಬೇಕು, ಆದರೆ ಕೈಯಲ್ಲಿ ಇರೋದು ನಾಲ್ಕಾರು ಅಳತೆ ಮಾತ್ರ. ಅಷ್ಟು ಕಡಿಮೆ ಅಳತೆಯಿಂದ ಎಷ್ಟು ಧೈರ್ಯವಾಗಿ ಹೇಳಬಹುದು ಅನ್ನೋದು ಅವರ ಪ್ರಶ್ನೆ. ಉತ್ತರವನ್ನು 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ಈಗಲೂ ಅದಕ್ಕೆ ಸ್ಟೂಡೆಂಟ್ಸ್ ಟಿ-ಟೆಸ್ಟ್ ಅಂತಲೇ ಹೆಸರು. ಕಂಪನಿ ಕೆಲಸಕ್ಕೆ ಹೋದರೆ ತಲೆ ಉಪಯೋಗಿಸುವ ಅವಕಾಶ ಇಲ್ಲ ಅನ್ನುವವರಿಗೆ ಈ ಮನುಷ್ಯನ ಹೆಸರು ಹೇಳಿ.

ಸಂಖ್ಯಾಶಾಸ್ತ್ರದ ನಂತರ ಕಲಿಯಬೇಕಾದ್ದು ಡೇಟಾವನ್ನು ಅಚ್ಚುಕಟ್ಟಾಗಿ ಇಡೋದು. ಬಹಳ ಸಪ್ಪೆ ಕೆಲಸ, ಯಾರೂ ಹೇಳಿಕೊಡಲ್ಲ. ಎಕ್ಸೆಲ್ ಏನು ಮಾಡುತ್ತೆ ಗೊತ್ತಲ್ವಾ? ಎಸ್‌ಇಪಿಟಿ2 (SEPT2) ಅನ್ನುವ ಜೀನ್ ಹೆಸರು ಟೈಪ್ ಮಾಡಿದರೆ ಸೆಪ್ಟೆಂಬರ್ 2 ಅಂತ ತಾರೀಕು ಮಾಡಿಬಿಡುತ್ತೆ. 2016ರಲ್ಲಿ ಎಕ್ಸೆಲ್ ಪಟ್ಟಿ ಜೋಡಿಸಿದ್ದ ಜೀನೋಮಿಕ್ಸ್ ಪ್ರಬಂಧಗಳನ್ನು ತೆಗೆದು ನೋಡಿದರೆ ಸುಮಾರು ಐದರಲ್ಲಿ ಒಂದರಲ್ಲಿ ಈ ಥರದ ತಪ್ಪಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಹೆಸರು ಬದಲಾಯಿಸಿತು, ಈಗ ಅದು ಸೆಪ್ಟಿನ್2. ಮೂಲ ಡೇಟಾ ಮುಟ್ಟದೆ ಇಡೋದು, ಪ್ರತಿ ಬದಲಾವಣೆ ಎಲ್ಲಿ ಆಯ್ತು ಅಂತ ತೋರಿಸೋ ಹಾಗೆ ಇಟ್ಟುಕೊಳ್ಳೋದು, ಇದು ಬಂದರೆ ನೀವು ಯಾವ ಕಚೇರಿಗೆ ಹೋದರೂ ಆರು ತಿಂಗಳಲ್ಲಿ ಎಲ್ಲರೂ ಫೈಲ್ ಹಿಡಿದು ನಿಮ್ಮ ಹತ್ತಿರವೇ ಬರುತ್ತಾರೆ.

ಕಾಮೆಂಟ್ (ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್): ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ಪಿಎಚ್‌ಡಿ ಆದವರನ್ನು ತಗೊಂಡಿದ್ದೇವೆ. ಬುದ್ಧಿವಂತರು, ಆದರೆ ನಿಧಾನ. ಎರಡು ದಿನದಲ್ಲಿ ಒಂದು ಅಂದಾಜು ಕೊಡಿ ಅಂದರೆ ಮೂರು ವಾರ ಆದ ಮೇಲೆ ನಲವತ್ತು ಪುಟದ ವರದಿ ಬರುತ್ತೆ.

ಉತ್ತರ: ಸರ್, ಒಪ್ಪುತ್ತೇನೆ. ಇದು ಲ್ಯಾಬ್‌ನಲ್ಲಿ ಕಲಿತು ಹೊರಗೆ ಮರೆಯಬೇಕಾದ ವಿಷಯ. ಪ್ರಬಂಧ ಬರೆಯುವಾಗ ತಪ್ಪು ಹೇಳಿದರೆ ನಷ್ಟ ಜಾಸ್ತಿ, ತಡ ಮಾಡಿದರೆ ಅಷ್ಟೇನೂ ಇಲ್ಲ. ಕಚೇರಿಯಲ್ಲಿ ಎಷ್ಟೋ ಸಲ ಇದರ ಉಲ್ಟಾ. ಹಾಗಾಗಿ ಹೊಸಬರಿಗೆ ನಾನು ಹೇಳೋದು, ಕೆಲಸ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ಈ ಉತ್ತರ ಇಟ್ಟುಕೊಂಡು ನೀವು ಏನು ನಿರ್ಧಾರ ಮಾಡುತ್ತೀರಿ?" ಸಂಖ್ಯೆ ಹತ್ತು ಬಂದರೂ ಇಪ್ಪತ್ತು ಬಂದರೂ ನಿರ್ಧಾರ ಒಂದೇ ಅಂತಾದರೆ ಹದಿಮೂರೋ ಹದಿನಾಲ್ಕೋ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಆದರೆ ಸರ್, ಮ್ಯಾನೇಜರುಗಳೂ ಆ ಪ್ರಶ್ನೆಗೆ ಉತ್ತರ ಹೇಳಬೇಕು. ಬಹಳ ಜನ ಹೇಳಲ್ಲ, "ಸುಮ್ನೆ ಒಂದು ರಿಪೋರ್ಟ್ ಕೊಡಿ" ಅಂತಾರೆ. ಆಮೇಲೆ ನಲವತ್ತು ಪುಟ ಬಂತು ಅಂತ ಬೇಜಾರು.

ಕಾಮೆಂಟ್ (ಅದೇ ಮ್ಯಾನೇಜರ್): ಹ್ಹ ಹ್ಹ, ಸಿಕ್ಕಿಬಿದ್ದೆ.

ಪ್ರಶ್ನೆ (ಪಿಎಚ್‌ಡಿ, ಭೌತವಿಜ್ಞಾನ): ತಂಡದಲ್ಲಿ ಕೆಲಸ ಮಾಡಿದ ಅನುಭವ ಇದೆಯಾ ಅಂತ ಕೇಳ್ತಾರೆ. ನಾನು, ನನ್ನ ಲೇಸರ್, ಇಬ್ಬರೇ ಇದ್ದಿದ್ದು. ಏನು ಹೇಳಲಿ?

ಉತ್ತರ: ಲೇಸರ್ ಕೆಟ್ಟಾಗ ಯಾರಿಗೆ ಫೋನ್ ಮಾಡಿದಿರಿ? ಜೂನಿಯರ್‌ಗೆ ಅದನ್ನು ಹೊಂದಿಸೋದು ಹೇಳಿಕೊಟ್ಟಿರಾ? ಸ್ಯಾಂಪಲ್ ಬೇರೆ ಲ್ಯಾಬ್‌ನಿಂದ ಬರುತ್ತಿತ್ತಾ? ಅವರು ತಡ ಮಾಡಿದಾಗ ಏನು ಮಾಡಿದಿರಿ? ಇದೆಲ್ಲ ತಂಡದ ಕೆಲಸವೇ.

ನಿಜವಾದ ಪರೀಕ್ಷೆ ಇರೋದು ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೋಗುವ ಜಾಗದಲ್ಲಿ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ತಲುಪುವ ಹೊತ್ತಿಗೆ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಲೆಕ್ಕ ಅಂದುಕೊಂಡು ಬಳಸಿದರು. ಎರಡೂ ಕಡೆ ಇದ್ದವರು ದಡ್ಡರಲ್ಲ. ನಡುವೆ ಯಾರೂ ಕೇಳಲಿಲ್ಲ ಅಷ್ಟೆ. "ಇದರ ಯೂನಿಟ್ ಏನು?" ಅಂತ ನಾಚಿಕೆ ಇಲ್ಲದೆ ಕೇಳುವ ಅಭ್ಯಾಸ ನಿಮಗಿದ್ದರೆ, ಅದನ್ನು ಒಂದು ನಿಜವಾದ ಉದಾಹರಣೆ ಸಮೇತ ಇಂಟರ್‌ವ್ಯೂನಲ್ಲಿ ಹೇಳಿ.

ಪ್ರಶ್ನೆ (ಮೇಲಿನ ಪ್ರೋಟೀನ್ ವಿದ್ಯಾರ್ಥಿ): ಮೇಡಂ ಮತ್ತೆ ನಾನೇ. ಇದನ್ನೆಲ್ಲ ರೆಸ್ಯೂಮೆಯಲ್ಲಿ ಬರೆಯೋದು ಹೇಗೆ? "ಕಂಟ್ರೋಲ್ ಇಡುತ್ತೇನೆ" ಅಂತ ಬರೆಯೋಕಾಗಲ್ವಲ್ಲ.

ಉತ್ತರ: ಈಗ ಏನು ಬರೆದಿದ್ದೀರಿ, ಒಂದು ಸಾಲು ಹಾಕಿ.

ಪ್ರತಿಕ್ರಿಯೆ: "ಪ್ರೋಟೀನ್ ಶುದ್ಧೀಕರಣ, ಕ್ರೊಮಟೋಗ್ರಫಿ, ಎಕ್ಸ್-ರೇ ಕ್ರಿಸ್ಟಲೋಗ್ರಫಿ ವಿಧಾನಗಳಲ್ಲಿ ಪರಿಣತಿ."

ಉತ್ತರ: ಇದು ಸಾಮಾನುಗಳ ಪಟ್ಟಿ. ಅಡುಗೆಯವರನ್ನು ಹುಡುಕುವವರಿಗೆ ಪಾತ್ರೆಗಳ ಹೆಸರು ಓದಿ ಹೇಳಿದ ಹಾಗೆ. ನೀವು ಏನು ಮಾಡಿದಿರಿ? ಹರಳು ಕಟ್ಟಲು ಎಷ್ಟು ಸಲ ಸೋತಿರಿ, ಏನು ಬದಲಾಯಿಸಿದಿರಿ, ಆಮೇಲೆ ಏನಾಯ್ತು?

ಪ್ರತಿಕ್ರಿಯೆ: ಪ್ರೋಟೀನ್ ಗಂಟು ಕಟ್ಟಿಕೊಳ್ತಾ ಇತ್ತು. ಪ್ರೋಟೀನ್ ಇಡುವ ದ್ರಾವಣದ (ಬಫರ್) ಉಪ್ಪು, ಪಿಎಚ್ ಎಲ್ಲ ಬದಲಾಯಿಸಿ ದೊಡ್ಡ ಕೋಷ್ಟಕ ಮಾಡಿ ಒಂದೊಂದೇ ನೋಡಿದೆ. ಕೊನೆಗೆ ಸರಿಹೋಯ್ತು. ಈಗ ಲ್ಯಾಬ್‌ನಲ್ಲಿ ಎಲ್ಲರೂ ಆ ಕೋಷ್ಟಕನೇ ಬಳಸ್ತಾರೆ.

ಉತ್ತರ: ಇದನ್ನು ಯಾಕೆ ಮುಚ್ಚಿಟ್ಟಿದ್ದೀರಿ! ಹೀಗೆ ಬರೆಯಿರಿ: "ಪದೇ ಪದೇ ವಿಫಲವಾಗುತ್ತಿದ್ದ ಪ್ರಕ್ರಿಯೆಯ ಕಾರಣ ಹುಡುಕಲು ವ್ಯವಸ್ಥಿತ ಪರೀಕ್ಷಾ ಯೋಜನೆ ರೂಪಿಸಿದೆ, ಸ್ಥಿರವಾಗಿ ನಡೆಯುವ ಹಾಗೆ ಮಾಡಿದೆ, ಆ ಯೋಜನೆಯನ್ನು ಈಗ ಇಡೀ ತಂಡ ಬಳಸುತ್ತಿದೆ." ಇದನ್ನು ಔಷಧ ಕಂಪನಿಯೂ ಓದುತ್ತದೆ, ಬಣ್ಣ ತಯಾರಿಸುವವರೂ ಓದುತ್ತಾರೆ, ಮೇಲೆ ಬೈದ ಮ್ಯಾನೇಜರ್ ಸರ್ ಕೂಡ ಓದುತ್ತಾರೆ. ಯಂತ್ರಗಳ ಹೆಸರು ಕೆಳಗೆ ಒಂದು ಸಾಲಿನಲ್ಲಿ ಇರಲಿ, ಕೆಲವು ಕಡೆ ಕಂಪ್ಯೂಟರ್ ಪದ ಹುಡುಕಿ ಅರ್ಜಿ ಆರಿಸುತ್ತದೆ.

ಪ್ರಶ್ನೆ (ಹೆಸರು ಬೇಡ ಅಂದವರು): ಅಕಾಡೆಮಿಯ ಬಿಡ್ತೀನಿ ಅಂತ ಗೈಡ್‌ಗೆ ಇನ್ನೂ ಹೇಳಿಲ್ಲ. ಸೋತು ಹೋಗ್ತಿದ್ದೀನಿ ಅಂತ ಅನ್ನಿಸ್ತಿದೆ.

ಉತ್ತರ: ಲೆಕ್ಕ ನೋಡಿ. ಬ್ರಿಟನ್ನಿನ ರಾಯಲ್ ಸೊಸೈಟಿ 2010ರಲ್ಲಿ ಒಂದು ಚಿತ್ರ ಪ್ರಕಟಿಸಿತ್ತು, ಅಲ್ಲಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರಲ್ಲಿ ಕೊನೆಗೆ ಪ್ರೊಫೆಸರ್ ಆಗೋದು ನೂರಕ್ಕೆ ಒಬ್ಬರೂ ಇಲ್ಲ, ಶೇಕಡ 0.45 ಮಾತ್ರ. ಹೊರಗೆ ಹೋಗೋದೇ ಸಾಮಾನ್ಯ ದಾರಿ. ಅದನ್ನು "ಪರ್ಯಾಯ" ಅಂತ ಕರೆಯೋದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ವಿಜ್ಞಾನದ ಒಳಗೂ ಜನ ದಾರಿ ಬದಲಾಯಿಸುತ್ತಾರೆ. ವೆಂಕಿ ರಾಮಕೃಷ್ಣನ್ 1976ರಲ್ಲಿ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿ ಮತ್ತೆ ವಿದ್ಯಾರ್ಥಿಯಾಗಿ ಜೀವವಿಜ್ಞಾನ ಕಲಿಯಲು ಹೋದರು, 2009ರಲ್ಲಿ ನೊಬೆಲ್ ಬಂದಿದ್ದು ಕೆಮಿಸ್ಟ್ರಿಗೆ. ಗೈಡ್‌ಗೆ ಬೇಗ ಹೇಳಿ. ಅವರು ಏನೂ ಹೇಳದೆ ಸುಮ್ಮನಾದರೆ ಕೋಪ ಅಂದುಕೊಳ್ಳಬೇಡಿ, ಬಹಳ ಗೈಡ್‌ಗಳಿಗೆ ಹೊರಗಿನ ಕೆಲಸಗಳ ಬಗ್ಗೆ ಜಾಸ್ತಿ ಗೊತ್ತಿಲ್ಲ. ಹಳೇ ವಿದ್ಯಾರ್ಥಿಗಳ ಹೆಸರು ಕೇಳಿ, ಅವರಿಗೆ ಬರೆಯಿರಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್): ನನಗೆ ಡಿಪ್ಲೊಮಾ ಮಾತ್ರ. ಇದೆಲ್ಲ ಪಿಎಚ್‌ಡಿ ಆದವರಿಗಾ?

ಉತ್ತರ: ಇಲ್ಲ. ಯಂತ್ರದ ಸದ್ದು ಬದಲಾಗಿದ್ದನ್ನು ಮೊದಲು ಗಮನಿಸೋದು ನೀವೇ ಅಲ್ವಾ? ಕ್ಯಾಲಿಬ್ರೇಶನ್, ಸುರಕ್ಷತೆ, ದಾಸ್ತಾನು ನಿಮಗೆ ಗೊತ್ತಿರುವಷ್ಟು ಪೋಸ್ಟ್‌ಡಾಕ್‌ಗಳಿಗೆ ಗೊತ್ತಿರಲ್ಲ. ಉಪಕರಣ ಕಂಪನಿಗಳ ಸರ್ವಿಸ್ ಮತ್ತು ತರಬೇತಿ ವಿಭಾಗ ನೋಡಿ.

ಪ್ರಶ್ನೆ (ಪೋಸ್ಟ್‌ಡಾಕ್): ಕೊನೆಯ ಪ್ರಶ್ನೆ. ಇಂಟರ್‌ವ್ಯೂಗೆ ಲ್ಯಾಬ್ ನೋಟ್‌ಬುಕ್ ತಗೊಂಡು ಹೋಗಿ ತೋರಿಸಬಹುದಾ? ನಾನು ಎಷ್ಟು ಶಿಸ್ತಾಗಿ ಬರೀತೀನಿ ಅಂತ ಗೊತ್ತಾಗುತ್ತೆ.

ಉತ್ತರ: ಬೇಡವೇ ಬೇಡ. ನೋಟ್‌ಬುಕ್ ಸಾಮಾನ್ಯವಾಗಿ ಸಂಸ್ಥೆಯ ಆಸ್ತಿ, ನಿಮ್ಮದಲ್ಲ. ಪ್ರಕಟವಾಗದ ಫಲಿತಾಂಶವನ್ನು ಬೇರೆ ಕಂಪನಿಯವರ ಮುಂದೆ ತೆರೆದರೆ ಮುಂದೆ ಪೇಟೆಂಟ್ ಪಡೆಯೋದಕ್ಕೂ ಅಡ್ಡಿ ಆಗಬಹುದು. ನಾನು ಇಂಟರ್‌ವ್ಯೂ ಮಾಡುವಾಗ ಯಾರಾದರೂ ಹಾಗೆ ತೋರಿಸಿದರೆ, ನಾಳೆ ನಮ್ಮ ನೋಟ್‌ಬುಕ್ಕನ್ನೂ ಹೀಗೇ ಹೊತ್ತುಕೊಂಡು ಹೋಗುತ್ತಾರೆ ಅಂತಲೇ ಯೋಚಿಸುತ್ತೇನೆ. ಪ್ರಕಟವಾದ ಒಂದು ಪ್ರಯೋಗ ಆರಿಸಿಕೊಂಡು ಬಾಯಲ್ಲಿ ಹೇಳಿ. ಏನು ಅಂದುಕೊಂಡಿದ್ದೆ, ಏನು ಬಂತು, ಬೇರೆ ಕಾರಣಗಳನ್ನು ಹೇಗೆ ತೆಗೆದುಹಾಕಿದೆ ಅಂತ. ಐದು ನಿಮಿಷ ಸಾಕು.

ಪ್ರಶ್ನೆ (ಅದೇ ಪೋಸ್ಟ್‌ಡಾಕ್): ಕೆಲಸ ಬಿಡುವಾಗ ನನಗೆ ಅಂತ ಒಂದು ಫೋಟೋ ಕಾಪಿ?

ಉತ್ತರ: ಅದೂ ಬೇಡ. ಬೇಕೇ ಬೇಕು ಅಂದರೆ ಗೈಡ್ ಹತ್ತಿರ ಇಮೇಲ್‌ನಲ್ಲಿ ಅನುಮತಿ ಕೇಳಿ, ಉತ್ತರ ಬರುವ ತನಕ ಕಾಯಿರಿ.